ಬಿಳಿಗಾಲಿ

ನಮ್ಮ ಮನೆಯಲ್ಲಿ ಹಲ್ಲುಜ್ಜುವ ಬ್ರಷ್ಷಿಗೆ ಮೂರು ಜನ್ಮ. ಮೊದಲನೆಯದು ಎಲ್ಲರ ಮನೆಯಂತೆ ಬಚ್ಚಲಿನ ಗ್ಲಾಸಿನಲ್ಲಿ ಕಳೆಯುತ್ತದೆ. ಕೂದಲು ನಾಲ್ಕು ದಿಕ್ಕಿಗೆ ಬಾಗಿದ ಮೇಲೆ ಅದು ಅಡುಗೆಮನೆಗೆ ಬಂದು ಕುಕ್ಕರಿನ ಮುಚ್ಚಳದ ಸಂದಿ, ಮಿಕ್ಸರಿನ ಬುಡ, ದೇವರ ದೀಪದ ಕುತ್ತಿಗೆ ಇವನ್ನೆಲ್ಲ ನೋಡಿಕೊಳ್ಳುತ್ತದೆ. ಅಲ್ಲಿಯೂ ಸವೆದ ಮೇಲೆ ಮೂರನೆಯ ಜನ್ಮ. ಅದಕ್ಕೆಂದೇ ಗ್ಯಾರೇಜಿನ ಗೂಡಿನಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದಿದೆ. ಮೊನ್ನೆ ಮನೆಗೆ ಬಂದಿದ್ದ ನನ್ನ ತಂಗಿ ಏನಾದರೂ ತಿನ್ನಲು ಸಿಕ್ಕೀತೆಂದು ಅದನ್ನು ತೆಗೆದಳು. ಒಳಗೆ ಹದಿನೇಳು ಬ್ರಷ್ಷು, ಬಣ್ಣಬಣ್ಣದವು, ಒಂದರ ಮೇಲೊಂದು ಮಲಗಿದ್ದವು. ಅವಳು ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು, ಸದ್ದಿಲ್ಲದೆ ಮುಚ್ಚಳ ಹಾಕಿಟ್ಟಳು. ಸಂಜೆ ಫೋನಿನಲ್ಲಿ ನಮ್ಮ ತಮ್ಮನಿಗೆ, ಅಕ್ಕ ಆರಾಮ ಇದ್ದಾಳೆ, ಆದರೂ ಒಮ್ಮೆ ನೀನೂ ಬಂದು ನೋಡಿಕೊಂಡು ಹೋಗು ಎಂದು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಆ ಬ್ರಷ್ಷುಗಳು ನಮ್ಮ ಕಾರಿನ ಟೈರಿಗೆ ಮೀಸಲು. ಟೈರಿಗೆ ಬ್ರಷ್ಷು ಯಾಕೆ ಎಂದು ಕೇಳುವವರು ನಮ್ಮ ಟೈರು ನೋಡಿಲ್ಲವೆಂದೇ ಅರ್ಥ. ಚಿಕ್ಕೋಡಿಯಲ್ಲಿ ಹಾಗೆ ನೋಡದವರು ಕಡಿಮೆ. ಅದು ನಮ್ಮ ಮಾವನವರು ಕೊಂಡ ಕಾರು. ಎಳೆ ತೊಂಡೆಕಾಯಿಯ ಹಸಿರು, ಉಬ್ಬು ಬೆನ್ನು, ಮುಂದೆ ಎರಡು ದುಂಡನೆಯ ಕಣ್ಣು. ಅದನ್ನು ತಯಾರಿಸಿದವರು ಕಾರು ತಯಾರಿಸುವುದನ್ನು ಬಿಟ್ಟೇ ಎಷ್ಟೋ ವರ್ಷವಾಯಿತು. ಟೈರುಗಳ ಪಕ್ಕೆಯಲ್ಲಿ, ಕಪ್ಪು ರಬ್ಬರಿನ ನಡುವೆ, ನಾಲ್ಕು ಬೆರಳಗಲದ ಬಿಳಿಯ ಪಟ್ಟಿಯೊಂದು ಸುತ್ತ ಬರುತ್ತದೆ. ಬಳಿದ ಬಣ್ಣವಲ್ಲ, ರಬ್ಬರೇ ಬಿಳಿ. ದೂರದಿಂದ ನೋಡಿದರೆ ಕಾರು ಇಸ್ತ್ರಿ ಮಾಡಿದ ಬಿಳಿ ಕಾಲುಚೀಲ ಹಾಕಿಕೊಂಡು ಶಾಲೆಗೆ ಹೊರಟಂತೆ ಕಾಣುತ್ತದೆ. ಊರವರು ಅದಕ್ಕೆ ಇಟ್ಟ ಹೆಸರು ಬಿಳಿಗಾಲಿ. ಬಿಳಿಯ ಗಾಲಿ ಇದ್ದದ್ದು ಬಿಳಿಗಾಲಿ. ಬಿಳಿಯ ಕಾಲು ಇದ್ದವಳೂ ಬಿಳಿಗಾಲಿಯೇ, ಕನ್ನಡದಲ್ಲಿ ಎರಡು ಪದ ಕೂಡಿಕೊಂಡಾಗ ಕಾಲು ಗಾಲಾಗುತ್ತದಲ್ಲ. ಈ ವ್ಯಾಕರಣ ನನ್ನ ಜೀವಕ್ಕೆ ಎಷ್ಟು ಕಾಟ ಕೊಟ್ಟಿತು ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಬಿಳಿಯ ಟೈರನ್ನು ಬಿಳಿಯಾಗಿಡುವುದು ಒಂದು ದಿನದ ಕೆಲಸವಲ್ಲ. ಹೊರಗಿನಿಂದ ಎರೆಮಣ್ಣು, ಕಬ್ಬಿನ ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳು, ಡಾಂಬರು. ನಾಯಿಗಳ ವಿಷಯ ನಾನು ಬರೆಯುವುದಿಲ್ಲ, ನಿಮಗೇ ಗೊತ್ತು. ಇವೆಲ್ಲ ಸಾಲದೆಂದು ರಬ್ಬರು ತನ್ನೊಳಗಿನಿಂದಲೇ ಕಂದು ಬಣ್ಣವನ್ನು ಒಸರುತ್ತದೆ. ಉಪವಾಸ ಮಾಡುವವರ ನಾಲಿಗೆಯ ಮೇಲೆ ಕೂರುವಂಥ ಬಣ್ಣ. ಭಾನುವಾರ ತಿಕ್ಕಿದರೆ ಗುರುವಾರಕ್ಕೆ ಮತ್ತೆ ಹಾಜರು.

ನಾನು ಈ ಕೆಲಸಕ್ಕೆ ಬಿದ್ದದ್ದು ಸಿಸ್ಟರ್ ಬೆನೆಡಿಕ್ಟಾ ಅವರಿಂದ. ನನ್ನ ತವರು ಮುಗಳಖೋಡ. ಅಪ್ಪ ನನ್ನನ್ನು ಐದನೆಯ ಇಯತ್ತೆಗೆ ನಿಪ್ಪಾಣಿಯ ಕಾನ್ವೆಂಟಿನಲ್ಲಿ ಹಾಕಿ, ಅಲ್ಲಿಯೇ ಹಾಸ್ಟೆಲಿನಲ್ಲಿ ಬಿಟ್ಟರು. ವಾರದಲ್ಲಿ ನಾಲ್ಕು ದಿನ ಕಪ್ಪು ಬೂಟು, ಬುಧವಾರ ಮತ್ತು ಶನಿವಾರ ಬಿಳಿ ಕ್ಯಾನ್ವಾಸ್ ಬೂಟು. ನಿಪ್ಪಾಣಿಯಲ್ಲಿ ಬಿಳಿ ಬೂಟು ಎನ್ನುವುದೇ ಒಂದು ಸಾಹಸ, ಯಾಕೆಂದರೆ ಆ ಊರಿನ ಗಾಳಿಯಲ್ಲಿ ತಂಬಾಕಿನ ಪುಡಿ ಇರುತ್ತದೆ. ಹಾಸ್ಟೆಲಿನ ಬಾಗಿಲಿನಿಂದ ಪ್ರಾರ್ಥನೆಯ ಅಂಗಳಕ್ಕೆ ಹೋಗುವಷ್ಟರಲ್ಲಿ ಬೂಟು ನಶ್ಯದ ಬಣ್ಣಕ್ಕೆ ತಿರುಗುತ್ತಿತ್ತು. ಸಿಸ್ಟರ್ ಸಾಲಿನುದ್ದಕ್ಕೂ ನಡೆದುಬಂದು, ಸೊಂಟ ಬಗ್ಗಿಸಿ, ತೋರುಬೆರಳಿನಿಂದ ಬೂಟಿನ ಅಂಚನ್ನು ಒಂದೇ ಸಲ ಸವರಿ ಆ ಬೆರಳನ್ನು ಬೆಳಕಿಗೆ ಹಿಡಿಯುತ್ತಿದ್ದರು. ಅವಸರಕ್ಕೆ ಸೀಮೆಸುಣ್ಣ ತಿಕ್ಕಿಕೊಂಡು ಬಂದವರನ್ನು ನೆಲಕ್ಕೆ ಕಾಲು ಬಡಿಯಲು ಹೇಳುತ್ತಿದ್ದರು. ಹೊಗೆ ಎದ್ದರೆ ಮುಗಿಯಿತು. ಆರು ವರ್ಷ ನನ್ನ ಬೂಟಿನಿಂದ ಹೊಗೆ ಏಳಲಿಲ್ಲ. ಗಣಿತದಲ್ಲಿ ನನಗೆ ಬಂದ ಅಂಕಗಳನ್ನು ಯಾರೂ ಕೇಳದಿರಲಿ, ಆದರೆ ಬಿಳುಪಿನಲ್ಲಿ ನಾನು ಪ್ರತಿ ವರ್ಷ ಮೊದಲು.

ಮದುವೆಗೆ ಹೆಣ್ಣು ನೋಡಲು ಇವರು ನಮ್ಮ ಮನೆಗೆ ಬಂದಾಗ ಇವರ ತಂದೆ, ಅಂದರೆ ನಮ್ಮ ಮಾವನವರು, ಜೊತೆಗಿದ್ದರು. ಅಂಗಳದ ಕಟ್ಟೆಯ ಮೇಲೆ ತಮ್ಮನ ಕ್ಯಾನ್ವಾಸ್ ಬೂಟು ಒಣಗುತ್ತಿದ್ದವು. ಒಳಗೆ ನಾನು ಅವಲಕ್ಕಿಯ ತಾಟು ಹಿಡಿದು ಕಾಯುತ್ತಿದ್ದರೆ ಮಾವನವರು ಹೊರಗೆ ಆ ಬೂಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರಂತೆ. ಒಳಗೆ ಬಂದವರು ಕೇಳಿದ್ದು ಒಂದೇ ಪ್ರಶ್ನೆ, ಬೂಟು ಯಾರು ತೊಳೆದದ್ದು. ನಾನು ಎಂದೆ. ಯಾವ ಸಾಬೂನು ಎಂದರು. ಹೇಳಿದೆ. ಮರುದಿನವೇ ಒಪ್ಪಿಗೆ ಬಂತು. ಇವರು ನನ್ನನ್ನು ನೋಡಲು ಬಂದಿದ್ದರು, ಮಾವನವರು ಬೂಟು ನೋಡಿ ಹೋದರು. ಇಬ್ಬರಲ್ಲಿ ಯಾರು ಹೆಚ್ಚು ಮೆಚ್ಚಿದರು ಎಂದು ನಾನು ಈವರೆಗೂ ಕೇಳಿಲ್ಲ.

ಮದುವೆಯಾಗಿ ಚಿಕ್ಕೋಡಿಗೆ ಬಂದದ್ದೂ ಅದೇ ಕಾರಿನಲ್ಲಿ. ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ನಾನು ಕಾಲಿನಿಂದ ದೂಡುವುದಕ್ಕೂ ಹಿತ್ತಲ ಬಾವಿಯ ಮೋಟಾರು ಸುಟ್ಟುಹೋಗುವುದಕ್ಕೂ ಸರಿಹೋಯಿತು. ಮನೆ ತುಂಬ ಬೀಗರು, ಹನಿ ನೀರಿಲ್ಲ. ಗುಂಪಿನಲ್ಲಿದ್ದ ಮರಾಠಿ ಕಡೆಯ ಹಿರಿಯ ಹೆಂಗಸೊಬ್ಬರು ನನ್ನ ಕಾಲು ನೋಡುತ್ತ, "ಪಾಂಢರ‍್ಯಾ ಪಾಯಾಚೀ ದಿಸ್ತೇ" ಎಂದರು. ಹಾಸ್ಟೆಲಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಶಿಕ್ಷೆಯಿದ್ದುದರಿಂದ ನನ್ನ ಮರಾಠಿ ಬೀದಿಯಲ್ಲಿ ತರಕಾರಿ ಕೊಳ್ಳುವಷ್ಟೇ. ಪಾಂಢರಾ ಎಂದರೆ ಬಿಳಿ, ಪಾಯ್ ಎಂದರೆ ಕಾಲು. ಮದುವೆಗೆ ಮೊದಲು ಅವ್ವ ಎಂಟು ದಿನ ನನ್ನ ಕಾಲನ್ನು ಕಲ್ಲಿನಿಂದ ತಿಕ್ಕಿದ್ದಳು. ಯಾರಾದರೂ ಗುರುತಿಸಿದರಲ್ಲ ಎಂದು ಖುಷಿಯಾಗಿ, ಸಿಸ್ಟರ್ ಕಲಿಸಿದಂತೆ ತುಸು ತಲೆಬಾಗಿ, "ಥ್ಯಾಂಕ್ಯೂ" ಎಂದೆ.

ಬೀಗರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರು ತಿಂಗಳ ಮೇಲೆ ನಮ್ಮ ಅತ್ತೆಯವರು ಮಿಶ್ರಿಯಿಂದ ಹಲ್ಲು ತಿಕ್ಕುತ್ತ ಕೂತಿದ್ದಾಗ ನಾನು ಆ ಮಾತಿನ ಅರ್ಥ ಕೇಳಿದೆ. ಮಿಶ್ರಿ ಎಂದರೆ ಹುರಿದು ಪುಡಿ ಮಾಡಿದ ತಂಬಾಕು, ಅದನ್ನು ತಿಕ್ಕುವಾಗ ಅವರು ಸುಳ್ಳು ಹೇಳುವುದಿಲ್ಲ. ಬಿಳಿ ಕಾಲಿನವಳು ಎಂದರೆ ಕಾಲ್ಗುಣ ಕೆಟ್ಟದ್ದು ಎಂದರ್ಥ, ಹೊಕ್ಕ ಮನೆಗೆ ಕೇಡು ತರುವವಳು. ಇದನ್ನು ಹೇಳಿ ಅವರು ಕರಿಯ ಹಲ್ಲು ಬಿಟ್ಟು ನಗತೊಡಗಿದರು, "ಮತ್ತ ನೀ ಅಕೀಗೆ ಥ್ಯಾಂಕ್ಯೂ ಅಂದಿ ಅಲ್ಲಬೇ ಮಿಸ್ಸಬಾಯಿ" ಎಂದರು. ಕಾನ್ವೆಂಟಿನವಳೆಂದು ಅವರು ನನಗಿಟ್ಟ ಹೆಸರು ಮಿಸ್ಸಬಾಯಿ.

ನನಗೆ ನಗು ಬರಲಿಲ್ಲ. ಆಮೇಲೆ ಹಾಲು ಒಡೆದರೂ, ಕರೆಂಟು ಹೋದರೂ, ಯಾರ ಸ್ಕೂಟರು ಪಂಕ್ಚರಾದರೂ ಯಾರಾದರೊಬ್ಬರ ಕಣ್ಣು ನನ್ನ ಕಾಲಿನ ಕಡೆ ಹೋದಂತೆ ಅನಿಸುತ್ತಿತ್ತು. ಮನೆಯೊಳಗೇ ಸಾಕ್ಸು ಹಾಕಿಕೊಂಡು ಓಡಾಡತೊಡಗಿದೆ. ಯಾಕೆ ಎಂದರೆ ಚಳಿ ಎನ್ನುತ್ತಿದ್ದೆ. ಅದು ಏಪ್ರಿಲ್ ತಿಂಗಳು. ಸಾಕ್ಸು ಬಿಳಿಯದು ಎನ್ನುವುದು ನನಗೆ ಹೊಳೆದದ್ದು ಇನ್ನೂ ತಡವಾಗಿ.

ಒಂದು ಭಾನುವಾರ ಮಾವನವರು ನನ್ನನ್ನು ಕರೆದು ಕೈಗೊಂದು ಬ್ರಷ್ಷು ಕೊಟ್ಟು ಎಡಗಡೆಯ ಎರಡು ಟೈರು ತೋರಿಸಿದರು. ಬಲಗಡೆಯ ಎರಡರ ಹತ್ತಿರ ತಾವು ಕೂತರು. ಬಹಳ ಹೊತ್ತು ತಿಕ್ಕಿದ ಮೇಲೆ ಕಾರಿನ ಆ ಬದಿಯಿಂದ ಮಾತು ಬಂತು.

"ಕೇಳ ತಂಗಿ. ಈ ಗಾಡೀದೂ ಬಿಳೀ ಕಾಲ. ಇಪ್ಪತ್ತ ವರ್ಷ ಆತು, ನನ್ನ ಒಂದ ಸಲಾನೂ ನಡು ಹಾದ್ಯಾಗ ಬಿಟ್ಟಿಲ್ಲ."

ಅಷ್ಟೇ. ನಾನು ಸಾಕ್ಸು ಬಿಚ್ಚಿ, ಅದರಿಂದಲೇ ಟೈರು ಒರೆಸಿದೆ.

ಅಂದಿನಿಂದ ಭಾನುವಾರದ ಕೆಲಸ ನನ್ನದಾಯಿತು. ಮಾವನವರು ತೀರಿಕೊಂಡ ಮೇಲೆ ನಾಲ್ಕೂ ಟೈರು ನನ್ನ ಪಾಲಿಗೆ ಬಂದವು. ಇವರದು ಪಂಪಿನ ಮೋಟಾರು ಸುತ್ತುವ ಅಂಗಡಿ. ಟೈರಿನ ಬಗ್ಗೆ ಇವರು ಗಂಟೆಗಟ್ಟಲೆ ಮಾತಾಡಬಲ್ಲರು, ಮಾತಿನ ನಡುವೆ ಬ್ರಷ್ಷು ಹಿಡಿದದ್ದನ್ನು ನಾನು ಕಂಡಿಲ್ಲ. ಸಲಹೆ ಕೊಡುವವರಿಗಂತೂ ಬರವಿಲ್ಲ. ಒಬ್ಬರು ಮೊಸರು ಹಚ್ಚಿ ಎಂದರು, ಹಚ್ಚಿದೆ, ಊರಿನ ಬೆಕ್ಕುಗಳೆಲ್ಲ ನಮ್ಮ ಗ್ಯಾರೇಜಿನಲ್ಲಿ ಸಂಸಾರ ಹೂಡಿದವು. ಗಾಣದವರೊಬ್ಬರು ಬೆಲ್ಲದ ಬಣ್ಣ ತಿಳಿಯಾಗಲು ಹಾಕುವ ಪುಡಿಯನ್ನು ಚೀಟಿಯಲ್ಲಿ ಕಟ್ಟಿಕೊಟ್ಟರು. ಅದನ್ನು ಹಚ್ಚಿದಾಗ ಟೈರಿಗೆ ಒಳ್ಳೆಯ ಬೆಲ್ಲದ ಬಣ್ಣವೇ ಬಂತು. ಕೊನೆಗೆ ಉಳಿದದ್ದು ಸಿಸ್ಟರ್ ಬೆನೆಡಿಕ್ಟಾ ಅವರ ವಿಧಾನ. ಬಟ್ಟೆಯ ಸಾಬೂನು, ಚಿಟಿಕೆ ಸೋಡಾ, ಉಗುರುಬೆಚ್ಚಗಿನ ನೀರು, ಹಳೆಯ ಬ್ರಷ್ಷು, ಮತ್ತು ಯಾರೋ ಬೆರಳು ಸವರಿ ನೋಡುತ್ತಾರೆ ಎನ್ನುವ ಭಯ.

ನಮಗೆ ಒಬ್ಬಳೇ ಮಗಳು. ಹೆಸರು ಶ್ವೇತಾ, ಇಟ್ಟವರು ಮಾವನವರು, ಪ್ರೇರಣೆ ಎಲ್ಲಿಯದೆಂದು ಹೇಳಬೇಕಾಗಿಲ್ಲ. ಓದಿ ಹಲ್ಲಿನ ಡಾಕ್ಟರಾದಳು, ಕಾಗವಾಡದಲ್ಲಿ ಕ್ಲಿನಿಕ್ಕು ಹಾಕಿದಳು. ಅಲ್ಲಿಗೆ ಜುಗೂಳದ ಹುಡುಗನೊಬ್ಬ ದವಡೆ ಹಲ್ಲು ಕೀಳಿಸಲು ಬಂದ. ಕಿತ್ತಳು. ಮರುವಾರ ನೋವಿಲ್ಲದ ಇನ್ನೊಂದು ಹಲ್ಲು ತೋರಿಸಲು ಬಂದ. ನಾಲ್ಕನೆಯ ಸಲ ಬಂದಾಗ ಬಾಯಿ ತೆರೆಯಲೇ ಇಲ್ಲವಂತೆ, ಸುಮ್ಮನೆ ಕೂತಿದ್ದನಂತೆ. ಹೆಸರು ಅಭಿನಂದನ, ಕೃಷ್ಣೆಯ ದಡದಲ್ಲಿ ಕಬ್ಬು ಬೆಳೆಯುವ ಮನೆತನ, ಒಳ್ಳೆಯ ಹುಡುಗ. ನಾವು ಬೇಡವೆನ್ನಲು ಕಾರಣವಿರಲಿಲ್ಲ.

ನಿಶ್ಚಯಕ್ಕೆ ಅವರೆಲ್ಲ ನಮ್ಮ ಮನೆಗೆ ಬಂದರು. ಮುಂದಾಳು ಹುಡುಗನ ಅಜ್ಜಿ, ಎಲ್ಲರೂ ಆಜಿ ಎನ್ನುತ್ತಿದ್ದರು. ಮಿರಜಿನ ಆಚೆಯ ಹಳ್ಳಿಯಲ್ಲಿ ಹುಟ್ಟಿದವರು, ಒಂಬತ್ತು ಗಜದ ಸೀರೆ, ನೆಟ್ಟಗಿನ ಬೆನ್ನು, ಅರ್ಧ ಕನ್ನಡ ಅರ್ಧ ಮರಾಠಿ. ಬಂದು ಕೂತವರು ಮೊದಲು ತಮ್ಮ ತಂದೆಯ ಕುದುರೆಯ ಕತೆ ಹೇಳಿದರು. ಅದರ ಹೆಸರು ಕಲ್ಯಾಣಿ. ಅದು ಓಣಿಯಲ್ಲಿ ಬಂದರೆ ಜನ ಎದ್ದು ನಿಂತು ಕೈಮುಗಿಯುತ್ತಿದ್ದರಂತೆ. ಒಂದು ತಾಸು ಕುದುರೆಯೇ ಓಡಿತು. ಚಹ ತಣ್ಣಗಾಯಿತು. ಎಲ್ಲರೂ ಆಕಳಿಸುವುದನ್ನು ತಡೆದುಕೊಳ್ಳುತ್ತಿದ್ದಾಗ ನಮ್ಮ ಅತ್ತೆಯವರೊಬ್ಬರು ಮಾತ್ರ ಮಿಶ್ರಿಯ ಬೆರಳನ್ನು ಬಾಯಲ್ಲೇ ಇಟ್ಟುಕೊಂಡು ಕಿವಿಗೊಟ್ಟು ಕೇಳುತ್ತಿದ್ದರು.

ಹೊರಡುವಾಗ ಆಜಿ ಅಂಗಳದಲ್ಲಿ ನಿಂತಿದ್ದ ಕಾರಿನ ಮುಂದೆ ನಿಂತರು. ಮದುವೆ ಜುಗೂಳದಲ್ಲಿ, ಗಂಡಿನ ಮನೆಯಂಗಳದಲ್ಲೇ. ಹೆಣ್ಣು ಬಂದಿಳಿದ ಕೂಡಲೇ ಸೇರು ದೂಡಿಸಿ ಮನೆ ತುಂಬಿಸಿಕೊಳ್ಳುವುದು, ಆಮೇಲೆ ಅಕ್ಷತೆ, ಇದು ಅವರ ಪದ್ಧತಿ. ಮಗಳು ಅವಳ ಅಜ್ಜನ ಕಾರಿನಲ್ಲೇ ಬರುತ್ತಾಳೆ ಎಂದು ಇವರು ಹೆಮ್ಮೆಯಿಂದ ಹೇಳಿದರು. ಆಜಿ ಟೈರುಗಳನ್ನು ಒಂದೊಂದಾಗಿ ನೋಡಿದರು.

"ಗಾಡಿ ಛಲೋ ಐತ್ರಿ. ಆದ್ರ ಪಾಂಢರ‍್ಯಾ ಪಾಯಾಚೀ. ನವರಿ ಇದರಾಗ ನಮ್ಮ ಹೊಸ್ತಲಕ್ಕ ಬರೋದ ಬ್ಯಾಡ."

ನವರಿ ಎಂದರೆ ಮದುವಣಗಿತ್ತಿ. ಇಪ್ಪತ್ತೇಳು ವರ್ಷದ ಮೇಲೆ ಆ ಮಾತು ನಮ್ಮ ಅಂಗಳಕ್ಕೆ ಮತ್ತೆ ಬಂತು. ಗಾಡಿಯ ಕಾಲಿಗೆ ಅಂಟಿದ್ದು ಇಳಿಯುವವಳ ಕಾಲಿಗೆ ದಾಟಲು ಎಷ್ಟು ಹೊತ್ತು. ಜುಗೂಳದ ಹಾಲು ಒಡೆಯದೆ ಇರುತ್ತದೆಯೆ, ಕರೆಂಟು ಹೋಗದೆ ಇರುತ್ತದೆಯೆ? ಆಗೆಲ್ಲ ಯಾರಾದರೂ ನನ್ನ ಮಗಳ ಪಾದ ನೋಡಬಾರದು. ನನಗೆ ಬೇಕಾಗಿದ್ದುದು ಅದೊಂದೇ.

ಬಾಡಿಗೆಗೆ ಬೇರೆ ಕಾರು ತರೋಣ ಎಂದೆ. ಇವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಊಟದ ತಾಟಿನ ಮುಂದೆ, ಬಿಳಿಗಾಲಿ ಬರಲಿಲ್ಲವೆಂದರೆ ತಾವು ಮಗಳ ಮದುವೆಗೆ ಸರಕಾರಿ ಬಸ್ಸಿನಲ್ಲಿ ಬರುವುದಾಗಿ ಘೋಷಿಸಿದರು. ಮಗಳಿಗೆ ಫೋನು ಮಾಡಿದರೆ ಅವಳು ನಕ್ಕಳು.

"ಮಮ್ಮಿ, ಹಳದಿ ಆಗಿದ್ದ ಬಿಳಿ ಮಾಡೋದ ನನ್ನ ಹೊಟ್ಟಿಪಾಡು. ನಾನ ಬಿಳೀಗೆ ಅಂಜಿದ್ರ ಹೆಂಗ?"

ಅವಳು ನಗಬಹುದು, ಅವಳು ಏಪ್ರಿಲಿನಲ್ಲಿ ಸಾಕ್ಸು ಹಾಕಿಕೊಂಡವಳಲ್ಲ. ನಾನು ಒಂದು ಉಪಾಯ ತೆಗೆದೆ. ಕಾರೂ ಹೋಗಲಿ, ಬಿಳುಪೂ ಕಾಣದಿರಲಿ. ಆ ಒಂದು ದಿನದ ಮಟ್ಟಿಗೆ ಟೈರು ಕಪ್ಪಾಗಿಬಿಟ್ಟರೆ? ಇಪ್ಪತ್ತೇಳು ವರ್ಷ ಬಿಳುಪು ಕಾಯ್ದವಳ ಬಾಯಿಂದ ಈ ಮಾತು ಬಂದಾಗ ಇವರು ನನ್ನ ಹಣೆ ಮುಟ್ಟಿ ಜ್ವರ ನೋಡಿದರು. ಬೂಟಿನ ಕಪ್ಪು ಪಾಲಿಶ್ ಹಚ್ಚಿದರೆ ಹೇಗೆ ಎಂದು ನಮ್ಮ ಟೈರಿನ ಅಂಗಡಿಯ ಇಸ್ಮಾಯಿಲ್ ಚಾಚಾ ಅವರನ್ನು ಕೇಳಿದೆವು. ಅವರು ನಿಧಾನಕ್ಕೆ ತಲೆಯಾಡಿಸಿ, "ಭಾಭಿ, ಹಚ್ಚಾಕ ಐದ ಮಿನಿಟ್. ತೆಗ್ಯಾಕ ಪೂರಾ ಜಿಂದಗಿ" ಎಂದರು. ಬಿಳಿಯ ರಬ್ಬರು ಕಪ್ಪನ್ನು ಒಮ್ಮೆ ಕುಡಿದರೆ ಮತ್ತೆ ಉಗುಳುವುದಿಲ್ಲವಂತೆ.

ದಾರಿ ತೋರಿಸಿದವರು ಅತ್ತೆಯವರು. ಹಂಡೆಯ ತಳದ ಮಸಿಯನ್ನು ಕಾಕಂಬಿಯಲ್ಲಿ ಕಲೆಸಿ ಹಚ್ಚಬೇಕು, ಅವರು ಚಿಕ್ಕವರಿದ್ದಾಗ ಗೋಡೆಗೆ ಕರಿಯ ಪಟ್ಟಿ ಬಳಿಯುತ್ತಿದ್ದುದು ಹಾಗೆಯೇ ಎಂದರು. ಕಾಕಂಬಿ ಎಂದರೆ ಗಟ್ಟಿಯಾಗಿ ಬೆಲ್ಲವಾಗುವುದಕ್ಕೆ ಮೊದಲಿನ ಪಾಕ, ನಾವು ಚಪಾತಿಗೆ ಹಚ್ಚಿಕೊಂಡು ತಿನ್ನುವಂಥದ್ದು. ಅಂಟಿಕೊಳ್ಳುತ್ತದೆ, ನೀರು ಬಿದ್ದರೆ ಹೋಗುತ್ತದೆ. ಇದಕ್ಕಿಂತ ಒಳ್ಳೆಯದು ಇನ್ನೇನಿದೆ ಎಂದು ನಾವು ಮೂವರೂ ಒಪ್ಪಿದೆವು. ಸಿಹಿಯ ಬಗ್ಗೆ ನಾವು ಯಾರೂ ಯೋಚಿಸಲಿಲ್ಲ. ಕಬ್ಬಿನ ಸೀಮೆಯವರಿಗೆ ಸಿಹಿ ಒಂದು ರುಚಿ ಎಂದೇ ಅನಿಸುವುದಿಲ್ಲ.

ಹೊರಡುವ ದಿನ ಬೆಳಿಗ್ಗೆ ಡಬ್ಬಿಯಿಂದ ಒಂದು ಬ್ರಷ್ಷು ತೆಗೆದು ಮಸಿಯಲ್ಲಿ ಅದ್ದಿದೆ. ಕೈ ಮುಂದೆ ಹೋಗಲೊಲ್ಲದು. ಕಣ್ಣು ಮುಚ್ಚಿ ಮೊದಲ ಗೆರೆ ಎಳೆದೆ. ಎಲ್ಲಿಯೋ ಮೇಲೆ ಸಿಸ್ಟರ್ ಬೆನೆಡಿಕ್ಟಾ ಕನ್ನಡಕ ತೆಗೆದು ಒರೆಸಿಕೊಂಡಂತೆ ಅನಿಸಿತು. ನಾಲ್ಕೂ ಮುಗಿಸಿ, ಅಭ್ಯಾಸಬಲದಿಂದ ಬ್ರಷ್ಷನ್ನು ತೊಳೆದು, ಸಾಬೂನಿನ ಚೂರಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಪರ್ಸಿನಲ್ಲಿ ಇಟ್ಟುಕೊಂಡೆ. ಕೆಲವರು ಪರ್ಸಿನಲ್ಲಿ ದೇವರ ಫೋಟೋ ಇಟ್ಟುಕೊಳ್ಳುತ್ತಾರೆ.

ಇವರು ಕಾರು ನಡೆಸಿದರು, ಪಕ್ಕದಲ್ಲಿ ಅತ್ತೆಯವರು, ಹಿಂದೆ ನಾನು ಮತ್ತು ಶ್ವೇತಾ. ಅಂಕಲಿಯಲ್ಲಿ ಚಹಕ್ಕೆ ನಿಂತಾಗ ನೊಣಗಳು ಬಂದವು. ಎಂಟು ಹತ್ತಲ್ಲ, ಊರಿಗೆ ಊರೇ. ಕೃಷ್ಣೆಯ ಸೇತುವೆ ದಾಟಿದ ಮೇಲೆ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಅವುಗಳ ಧೂಳು, ರವದಿ ಎನ್ನುವ ಕಬ್ಬಿನ ಒಣ ಎಲೆಯ ಚೂರು, ಹತ್ತಿಯ ಎಳೆ, ಗಾಳಿಯಲ್ಲಿ ಬಂದದ್ದೆಲ್ಲ ಟೈರಿಗೆ ಅಂಟಿಕೊಂಡವು. ಜುಗೂಳ ಹತ್ತಿರ ಬಂದಾಗ ಇಳಿದು ನೋಡಿದರೆ ನಾಲ್ಕೂ ಟೈರಿಗೆ ಮೈತುಂಬ ಕೂದಲು ಬಂದಿತ್ತು. "ಇರ್ಲಿ, ಕಂಬಳಿ ಹೊದ್ದಾವ" ಎಂದರು ಅತ್ತೆಯವರು. ಕಪ್ಪಾಗಿಯಂತೂ ಇದ್ದವು.

ಗಂಡಿನ ಮನೆಯ ಮುಂದೆ ಹಂದರ, ಹಂದರದ ಕೆಳಗೆ ಒಂದು ಕೋಣೆಯಷ್ಟು ದೊಡ್ಡ ರಂಗೋಲಿ, ಊದುವವರು, ಬಾರಿಸುವವರು. ಮುತ್ತೈದೆಯರ ನಡುವೆ ಆರತಿಯ ತಾಟು ಹಿಡಿದ ಆಜಿ. ಕಾರು ನಿಂತಿತು. ಆಜಿಯ ಕಣ್ಣು ಮೊದಲು ಟೈರಿಗೆ ಹೋಯಿತು. ಕಪ್ಪು. ಅವರ ಮುಖ ಸಡಿಲಾಯಿತು, ನನ್ನ ಉಸಿರೂ ಸಡಿಲಾಯಿತು. ಅದೇ ಹೊತ್ತಿಗೆ ಬೇವಿನ ಗಿಡಕ್ಕೆ ಕಟ್ಟಿದ್ದ ಎಮ್ಮೆಯ ಕರುವೊಂದು ಹಗ್ಗ ಮುಗಿಯುವವರೆಗೆ ನಡೆದುಬಂದು, ಎಡಗಡೆಯ ಮುಂದಿನ ಟೈರನ್ನು ಮೂಸಿ, ನಾಲಿಗೆ ಹೊರಹಾಕಿತು.

ಕರುವಿನ ನಾಲಿಗೆ ಎಂಥ ಬ್ರಷ್ಷು ಎನ್ನುವುದು ನನಗೆ ಅಂದು ತಿಳಿಯಿತು. ಒಂದು ನೆಕ್ಕಿಗೆ ಒಂದು ಗೇಣು. ಮಸಿ, ಕಾಕಂಬಿ, ರವದಿ ಎಲ್ಲ ಒಳಗೆ. ನಾಲಿಗೆ ಹೋದ ಜಾಗದಲ್ಲಿ ಬಿದಿಗೆಯ ಚಂದ್ರ ಮೂಡಿದ, ನೋಡನೋಡುತ್ತ ಅಷ್ಟಮಿಯಾಯಿತು. ಇವರು ಇಳಿದು ಕರುವನ್ನು ದೂಡಿದರು, ಅದು ಅವರ ಹೊಸ ಧೋತರಕ್ಕೆ ಮೂತಿ ಒರೆಸಿ ಮತ್ತೆ ಕೆಲಸಕ್ಕೆ ಹೋಯಿತು. ಬಾರಿಸುವವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಹುಣ್ಣಿಮೆಯಾಗುವ ಹೊತ್ತಿಗೆ ಪೂರ್ತಿ ನಿಶ್ಶಬ್ದ, ಕರುವಿನ ನಾಲಿಗೆಯ ಸಪ್ಪಳವೊಂದೇ.

"ಥಾಂಬಾ" ಎಂದರು ಆಜಿ. ಇಳಿಯಲೆಂದು ಬಾಗಿಲಿಗೆ ಕೈ ಹಾಕಿದ್ದ ಶ್ವೇತಾ ಅಷ್ಟಕ್ಕೇ ನಿಲ್ಲಿಸಿ ಕಾರಿನೊಳಗೇ ಉಳಿದಳು.

ನಾನು ಇಳಿದುಹೋಗಿ ಎಲ್ಲ ಒಪ್ಪಿಕೊಂಡೆ. ಮಸಿ ಹಚ್ಚಿದವಳು ನಾನೇ, ಮಗಳಿಗೆ ಇದರಲ್ಲಿ ಪಾಲಿಲ್ಲ ಎಂದೆ. ಆಜಿ ನನ್ನ ಕಡೆ ನೋಡಲಿಲ್ಲ, ಟೈರು ನೋಡುತ್ತಿದ್ದರು.

"ಮೂರ ಕಾಲ ಕರೀವ, ಒಂದ ಕಾಲ ಬಿಳೀದು. ಇದು ಅದಕಿಂತಾ ಕೆಟ್ಟ ಆತಲ್ರಿ."

ಹೆಂಗಸರ ಗುಂಪಿನಲ್ಲಿ ಪಿಸುಮಾತು ಎದ್ದಿತು. ಆ ಪಿಸುಮಾತಿನ ದನಿ ನನಗೆ ಚೆನ್ನಾಗಿ ಪರಿಚಯ. ಗಾಜಿನ ಹಿಂದೆ ಮಗಳ ಮುಖದಲ್ಲಿ ಮೊದಲ ಸಲ ನಗು ಇರಲಿಲ್ಲ. ಆಗ ಮುಂದಿನ ಬಾಗಿಲು ತೆರೆದು ನಮ್ಮ ಅತ್ತೆಯವರು ಒಂದು ಕಾಲು ಇಟ್ಟರು, ಸೆರಗು ಸರಿಮಾಡಿಕೊಂಡರು, ಇನ್ನೊಂದು ಕಾಲು ಇಟ್ಟರು.

"ಬೀಗತೇರ, ನಿಮ್ಮ ಅಪ್ಪಾರ ಕುದರಿ ಕಲ್ಯಾಣಿ, ಅದರ ಪೂರಾ ಹೆಸರ ಏನಿತ್ರಿ?"

ಆಜಿ ತಬ್ಬಿಬ್ಬಾದರು. ಕುದುರೆಯ ಕತೆಯನ್ನು ಯಾರಾದರೂ ಕೇಳಿಸಿಕೊಂಡಿರಬಹುದು ಎನ್ನುವ ನಿರೀಕ್ಷೆ ಅವರಿಗೇ ಇರಲಿಲ್ಲವೆಂದು ಕಾಣುತ್ತದೆ. "ಪಂಚಕಲ್ಯಾಣಿ" ಎಂದರು ಮೆಲ್ಲಗೆ.

"ಯಾಕ ಹಂಗಂತಿದ್ರಿ ಅದಕ?"

ಆಜಿ ಒಮ್ಮೆ ಟೈರಿನ ಕಡೆ ನೋಡಿದರು. ಆಮೇಲೆ ಬೇರೆ ದಾರಿಯಿಲ್ಲದೆ, "ನಾಕೂ ಕಾಲ ಬಿಳೀವ ಇದ್ದೂ. ಹಣೀ ಮ್ಯಾಲೂ ಬಿಳೇ ಬಟ್ಟ ಇತ್ತು" ಎಂದರು.

"ಅಂಥಾ ಕುದರಿಗೆ ಮಂದಿ ಕೈ ಮುಗೀತಿದ್ರು, ಹೌದಿಲ್ರಿ. ನಮ್ಮದೂ ಅದ ಜಾತೀದು. ಮಿಸ್ಸಬಾಯಿ, ತೊಳೀಬೇ ಉಳಿದ ಮೂರೂ."

ಹೀಗಾಗಿ ಮದುವಣಗಿತ್ತಿಯ ತಾಯಿಯಾದ ನಾನು, ಬೀಗರ ಹೊಸ್ತಿಲೆದುರು, ಇಳಕಲ್ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಪರ್ಸಿನಿಂದ ಬ್ರಷ್ಷು ಮತ್ತು ಸಾಬೂನಿನ ಚೂರು ತೆಗೆದೆ. ಯಾರೋ ಕೊಡಪಾನದಲ್ಲಿ ನೀರು ತಂದಿಟ್ಟರು. ಮುತ್ತೈದೆಯರು ದಾರಿ ಬಿಟ್ಟರು. ಕುಕ್ಕರಗಾಲಿನಲ್ಲಿ ಕೂತು ತಿಕ್ಕತೊಡಗಿದರೆ ಕೈ ತಾನಾಗಿಯೇ ನಡೆಯಿತು. ಮದುವೆಯ ಆಲ್ಬಮ್ಮಿನಲ್ಲಿ ಈ ಫೋಟೋ ಎರಡು ಪುಟಕ್ಕೆ ಹರಡಿಕೊಂಡು ಬಂದಿದೆ. ನನ್ನ ಬೆನ್ನು ಕಾಣುತ್ತದೆ, ಟೈರು ಕಾಣುತ್ತದೆ, ಕರು ಮಾತ್ರ ಸರಿಯಾಗಿ ಕ್ಯಾಮೆರಾದ ಕಡೆಗೆ ನೋಡುತ್ತಿದೆ.

ಮೂರೂ ಮುಗಿದ ಮೇಲೆ ಆಜಿ ತಾಟನ್ನು ಸೊಸೆಯ ಕೈಗೆ ಕೊಟ್ಟು ಕಾರನ್ನು ಸುತ್ತಿಬಂದರು. ಪ್ರತಿ ಟೈರಿನ ಮುಂದೂ ಸೊಂಟ ಬಗ್ಗಿಸಿದರು, ತೋರುಬೆರಳಿನಿಂದ ಒಂದು ಸಲ ಸವರಿದರು, ಆ ಬೆರಳನ್ನು ಬೆಳಕಿಗೆ ಹಿಡಿದರು. ನನಗೆ ಗೊತ್ತಿಲ್ಲದಂತೆ ನಾನು ಎರಡೂ ಕೈ ಪಕ್ಕಕ್ಕಿಟ್ಟು ಹಿಮ್ಮಡಿ ಜೋಡಿಸಿ ನಿಂತಿದ್ದೆ. ಹಿಂದಿನ ಬಲಗಾಲಿನ ಹತ್ತಿರ ಅವರು ತಡೆದು ನಿಂತರು. ಅಂಚಿನಲ್ಲಿ ಸ್ವಲ್ಪ ಉಳಿದಿದೆ ಎಂದರು. ಮತ್ತೆ ತಿಕ್ಕಿದೆ. ಕೊನೆಗೆ ತಲೆಯಾಡಿಸಿದರು.

"ನಾಕ ಆದೂ. ಐದನೇದು ಕುಠೇ, ಎಲ್ಲೈತಿ?"

ಇವರಿಗೆ ಎಲ್ಲಿಲ್ಲದ ಹುರುಪು ಬಂತು. ಓಡಿಹೋಗಿ ಡಿಕ್ಕಿ ತೆರೆದು ಒಳಗಿನ ಸ್ಟೆಪ್ನಿ ತೋರಿಸಿದರು. ಅದಕ್ಕೆ ಮಸಿ ಹಚ್ಚಿರಲಿಲ್ಲ, ಬೆಳ್ಳಗೆ ಹೊಳೆಯುತ್ತಿತ್ತು. ಆಜಿ ಅದನ್ನು ನೋಡಿ, ಕುದುರೆಗೆ ಬಿಳಿಯ ಬೊಟ್ಟು ಇರಬೇಕಾದದ್ದು ಹಣೆಯ ಮೇಲೆ, ಬಾಲದ ಬುಡದಲ್ಲಲ್ಲ ಎಂದರು. ಇವರು ಡಿಕ್ಕಿ ಮುಚ್ಚಿದರು. ಆಜಿ ಒಳಗಿನಿಂದ ವಿಭೂತಿಯ ಗಟ್ಟಿ ತರಿಸಿ, ನೀರಿನಲ್ಲಿ ಬೆರಳು ಅದ್ದಿ, ಬಾನೆಟ್ಟಿನ ಮೇಲೆ ಎರಡು ದುಂಡು ಕಣ್ಣುಗಳ ನಡುವೆ ಮೂರು ಗೆರೆ ಎಳೆದರು. ಹಿಂದೆ ಸರಿದು ನೋಡಿದರು. ಅವರ ಕೈ, ಅವರಿಗೇ ತಿಳಿಯದಂತೆ, ಬಾನೆಟ್ಟನ್ನು ಎರಡು ಸಲ ತಟ್ಟಿತು, ಕುತ್ತಿಗೆ ತಟ್ಟುವ ಹಾಗೆ.

ಊದುವವರು ಮತ್ತೆ ಊದಿದರು. ಶ್ವೇತಾ ಇಳಿದಳು. ನಾನು ಬದಿಗೆ ಸರಿಯಲು ಹೋಗಿ ನೋಡುತ್ತೇನೆ, ಇಷ್ಟು ಹೊತ್ತು ನಾನು ಓಡಾಡಿದ್ದು ರಂಗೋಲಿಯ ಮೇಲೆಯೇ. ಅರ್ಧ ರಂಗೋಲಿ ಅಳಿಸಿಹೋಗಿತ್ತು. ಅದರ ಪುಡಿ, ಸಾಬೂನಿನ ನೊರೆ ಎಲ್ಲ ಸೇರಿ ನನ್ನ ಎರಡೂ ಕಾಲು ಹಿಮ್ಮಡಿಗಂಟಿನವರೆಗೆ ಸುಣ್ಣ ಬಳಿದಂತಾಗಿದ್ದವು. ಆಜಿಯೂ ಅದನ್ನೇ ನೋಡುತ್ತಿದ್ದರು.

"ಬೀಗತಿ, ತುಮಚೇ ಪಾಯ್ ಪಾಂಢರೇ ಝಾಲೇ" ಎಂದರು.

ನಾನು ತುಸು ತಲೆಬಾಗಿ, "ಥ್ಯಾಂಕ್ಯೂ" ಎಂದೆ. ಈ ಸಲ ಅರ್ಥ ಗೊತ್ತಿದ್ದೇ ಹೇಳಿದೆ.

ಆಜಿಯ ಬಾಯಿಯ ಒಂದು ಮೂಲೆ ಮೊದಲು ಅಲುಗಿತು, ಆಮೇಲೆ ಇನ್ನೊಂದು. ನಕ್ಕಾಗ ಮುಂದಿನ ಎರಡು ಹಲ್ಲು ಇಲ್ಲದ್ದು ಕಂಡಿತು, ಶ್ವೇತಾ ಡಾಕ್ಟರ ಕಣ್ಣಿನಿಂದ ಅದನ್ನು ಗಮನಿಸಿದ್ದೂ ಕಂಡಿತು. ನನ್ನ ಕಾಲಿಗೆ ನೀರು ಹಾಕಲು ಯಾರೋ ತಂಬಿಗೆ ಎತ್ತಿದರು. ಆಜಿ ಅವರ ಕೈ ಹಿಡಿದರು.

"ತೊಳೀಬ್ಯಾಡ್ರಿ. ಹಂಗ ಬರಲಿ ಒಳಗ."

ಮಗಳು ಸೇರಿನ ಅಕ್ಕಿ ದೂಡಿ ಒಳಗೆ ಹೋದಳು. ಅವಳ ಹಿಂದೆ ನಾನು. ಜುಗೂಳದ ಆ ಮನೆಯ ಪಡಸಾಲೆಯಲ್ಲಿ ಕರಿಯ ಕಲ್ಲಿನ ನೆಲ, ಅದರ ಮೇಲೆ ನನ್ನ ಒಂದೊಂದು ಹೆಜ್ಜೆಯೂ ಬೆಳ್ಳಗೆ ಮೂಡುತ್ತ ಹೋಯಿತು. ಒರೆಸುವ ಅರಿವೆ ಹಿಡಿದು ಓಡಿಬಂದ ಸೊಸೆಯನ್ನು ಆಜಿ ಕಣ್ಣಿನಲ್ಲೇ ತಡೆದರು.